ಆಟ, ಸಿನಿಮಾ, ಸಂಗೀತ ಕಚೇರಿ: ಮೂರೂ ಇಷ್ಟ, ಆದರೂ ಭಾನುವಾರ ರಾತ್ರಿಗೆ ಕೈ ಬರಿದು

ಪ್ರಶ್ನೆ ಕೇಳಿದವರು: ಸಾಗರದವನು

ನನಗೆ 34 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಬನಶಂಕರಿಯ ಬಾಡಿಗೆ ಮನೆಯೊಂದರಲ್ಲಿ ಒಬ್ಬನೇ ಇದ್ದೇನೆ. ವಾರದ ಐದು ದಿನ ದುಡಿದ ಮೇಲೆ ದೊರೆಯುವ ಎರಡು ದಿನಗಳ ಬಿಡುವಿನ ಬಗ್ಗೆ ಈ ಪ್ರಶ್ನೆ. ಇದು ಹೊಟ್ಟೆಪಾಡಿನ ಪ್ರಶ್ನೆಯಲ್ಲ, ನಗುವವರಿದ್ದಾರೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ನನಗೆ ಮೂರು ಗೀಳುಗಳಿವೆ. ಮೊದಲನೆಯದು ಸಿನಿಮಾ. ನಮ್ಮ ಊರು ಹೆಗ್ಗೋಡಿಗೆ ಹತ್ತಿರ. ಅಲ್ಲಿನ ರಂಗಸಂಸ್ಥೆಯಾದ ನೀನಾಸಂನವರು ಚಿತ್ರಸಮಾಜ ಕಟ್ಟಿ, ಎಪ್ಪತ್ತರ ದಶಕದಲ್ಲಿಯೇ ಹಳ್ಳಿಯ ಜನರಿಗೆ ಜಪಾನ್, ಇಟಲಿ, ಬಂಗಾಳದ ಚಿತ್ರಗಳನ್ನು ತೋರಿಸಿದ್ದು ನಿಮಗೆಲ್ಲ ತಿಳಿದಿರಬಹುದು; ತೋಟದ ಕೆಲಸ ಮುಗಿಸಿ, ಮೈ ತೊಳೆದುಕೊಂಡು ಆ ಚಿತ್ರಗಳಿಗೆ ಹೋಗುತ್ತಿದ್ದವರಲ್ಲಿ ನನ್ನ ತಂದೆಯೂ ಒಬ್ಬರು. ಎರಡನೆಯದು ಸಂಗೀತ. ಚಿಕ್ಕಂದಿನಲ್ಲಿ ಐದಾರು ವರ್ಷ ಕೊಳಲು ಕಲಿತೆ, ಜೂನಿಯರ್ ಪರೀಕ್ಷೆ ಪಾಸು ಮಾಡಿದೆ, ಕಾಲೇಜಿಗೆ ಸೇರಿದ ಮೇಲೆ ಬಿಟ್ಟೆ. ನುಡಿಸುವುದು ಬಿಟ್ಟುಹೋದರೂ ಕೇಳುವ ಆಸೆ ಹೋಗಿಲ್ಲ. ಮೂರನೆಯದು ವಿಡಿಯೊ ಗೇಮ್. ನಾಲ್ಕು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರಿಂದ ಹಳೆಯ ಕನ್ಸೋಲ್ ಒಂದನ್ನು ಕೊಂಡೆ. ಅಂದಿನಿಂದ ಅದು ಟಿ.ವಿ.ಯ ಕೆಳಗೆ ಮನೆಯ ಬೆಕ್ಕಿನಂತೆ ಕುಳಿತಿದೆ.

ಮೂರೂ ಇಷ್ಟ ಎಂದ ಮೇಲೆ ಬಿಡುವು ಸುಖವಾಗಿ ಕಳೆಯಬೇಕಲ್ಲವೇ? ಕಳೆದ ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಗೇಮ್ ಹಾಕಿದರೆ ಅದು ಮೊದಲು ಅಪ್‌ಡೇಟ್ ಆಗಬೇಕೆಂದು ಹೇಳಿ ಒಂದೂವರೆ ಗಂಟೆ ಕಾಯಿಸಿತು. ಕಾಯುವಾಗ ಸಿನಿಮಾ ನೋಡೋಣವೆಂದು ಒಟಿಟಿ ತೆರೆದು, ಯಾವುದನ್ನು ನೋಡಲಿ ಎಂದು ಹುಡುಕುವುದರಲ್ಲಿಯೇ ಮುಕ್ಕಾಲು ಗಂಟೆ ಕಳೆದು, ಕೊನೆಗೆ ಆರಿಸಿಕೊಂಡ ಚಿತ್ರವನ್ನು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿದೆ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತಕ್ಕೆ ಹೋಗುವುದೆಂದು ವಾರದ ಮೊದಲೇ ನಿಶ್ಚಯಿಸಿದ್ದೆ. ಮೋಡ ಕವಿದದ್ದನ್ನೂ ರಸ್ತೆಯ ವಾಹನಗಳನ್ನೂ ನೋಡಿ ಕೈಬಿಟ್ಟೆ. ರಾತ್ರಿ ಆನ್‌ಲೈನ್ ಪಂದ್ಯಕ್ಕೆ ಕುಳಿತು, ಇನ್ನೊಂದೇ ಪಂದ್ಯ ಎನ್ನುತ್ತಾ ಒಂದೂವರೆಯಾಯಿತು. ಸೋಮವಾರ ಆಫೀಸಿನಲ್ಲಿ ಪಕ್ಕದ ಮೇಜಿನವರು ‘ನಿನ್ನೆ ಏನು ಮಾಡಿದಿರಿ’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಊರಿನಲ್ಲಿರುವ ದೊಡ್ಡಪ್ಪನಿಗೆ ಸಂಗೀತ ಕಚೇರಿಗೆ ಹೋಗಿದ್ದೆ ಎಂದರೆ ಸಂತೋಷ, ಸಿನಿಮಾ ಎಂದರೆ ಮೌನ, ಗೇಮ್ ಎಂದರೆ ‘ಇನ್ನೂ ಹುಡುಗಾಟ ಹೋಗಿಲ್ಲವೇನೋ’ ಎಂಬ ಮಾತು. ಅವರು ಹೇಳುವ ಮೇಲುಕೀಳು ನಿಜವೇ? ಮೂರರಲ್ಲಿ ಒಂದನ್ನು ಬಿಟ್ಟುಬಿಡಬೇಕೇ? ಇಂಥವೇ ಹವ್ಯಾಸಗಳುಳ್ಳವರು ತಮ್ಮ ಬಿಡುವನ್ನು ಹೇಗೆ ಹೊಂದಿಸಿಕೊಂಡಿದ್ದೀರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಎಂಟನೇ ಕ್ರಾಸ್

ಸಾಗರದವರೇ, ನಾನು ಮೈಸೂರಿನವನು, ಗಣಿತದ ಅಧ್ಯಾಪಕನಾಗಿ ನಿವೃತ್ತನಾದವನು. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣೇಶನ ಹಬ್ಬದ ದಿನಗಳಲ್ಲಿ ರಸ್ತೆಗೇ ಚಪ್ಪರ ಹಾಕಿ ನಡೆಸುವ ಕಚೇರಿಗಳನ್ನು ಕೇಳುತ್ತಾ ಬೆಳೆದವನಾದ್ದರಿಂದ ಈ ಹೆಸರಿಟ್ಟುಕೊಂಡಿದ್ದೇನೆ. ನನಗೆ ತಿಳಿದಿರುವುದು ಸಂಗೀತವೊಂದೇ. ಅದರ ಕಡೆಯಿಂದಲೇ ನಿಮ್ಮ ಪ್ರಶ್ನೆಯನ್ನು ನೋಡುತ್ತೇನೆ.

ನಿಮ್ಮ ಭಾನುವಾರದ ವರದಿಯನ್ನು ಎರಡು ಬಾರಿ ಓದಿದೆ. ಅದರಲ್ಲಿ ಒಂದು ವಿಚಿತ್ರ ಕಾಣುತ್ತದೆ: ಅಂದು ನೀವು ಯಾವುದನ್ನೂ ಮುಗಿಸಿಲ್ಲ. ಸಿನಿಮಾ ಇಪ್ಪತ್ತು ನಿಮಿಷಕ್ಕೆ ನಿಂತಿತು. ಪಂದ್ಯಗಳು ನಿಲ್ಲಲೇ ಇಲ್ಲ, ನಿದ್ದೆ ಬಂದದ್ದರಿಂದ ನೀವು ನಿಂತಿರಿ. ತಾನಾಗಿಯೇ ಶುರುವಾಗಿ ತಾನಾಗಿಯೇ ಮುಗಿಯುವಂಥದ್ದು ಅಂದು ಒಂದೇ ಇತ್ತು, ಅದು ಕಚೇರಿ, ಅದಕ್ಕೆ ನೀವು ಹೋಗಲಿಲ್ಲ. ನಮ್ಮಲ್ಲಿ ಯಾವುದಾದರೂ ಕೆಲಸವನ್ನು ಮುಗಿಸುವುದಕ್ಕೆ ‘ಮಂಗಳ ಹಾಡುವುದು’ ಎನ್ನುತ್ತೇವೆ. ನಿಮ್ಮ ಭಾನುವಾರಕ್ಕೆ ಯಾರೂ ಮಂಗಳ ಹಾಡಲಿಲ್ಲ ಎಂದು ನನಗೆ ತೋರುತ್ತದೆ.

ಈಗ ನಾವು ಕೇಳುವ ಕರ್ನಾಟಕ ಸಂಗೀತ ಕಚೇರಿಯ ಕ್ರಮವನ್ನು ರೂಪಿಸಿದವರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಕ್ರಮದಲ್ಲಿ ಒಂದು ಜಾಣತನವಿದೆ. ಮೊದಲಿಗೆ ವರ್ಣ: ಹಾಡುವವರ ಗಂಟಲೂ ಕೇಳುವವರ ಕಿವಿಯೂ ಹದಕ್ಕೆ ಬರಲೆಂದು. ಅನಂತರ ಒಂದೆರಡು ಚುರುಕಾದ ಕೃತಿಗಳು. ಗಂಟೆ ಗಂಟೆಕಾಲು ಕಳೆದ ಮೇಲೆ, ಕುರ್ಚಿಯಲ್ಲಿ ಮೈ ನೆಲೆಯೂರಿದ ಹೊತ್ತಿಗೆ, ಆ ಸಂಜೆಯ ದೊಡ್ಡ ರಾಗ. ಆಲಾಪನೆ, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್, ಸ್ವರ, ಆಮೇಲೆ ಮೃದಂಗ ಘಟಗಳು ಮಾತ್ರ ನುಡಿಯುವ ತನಿ ಆವರ್ತನ. ತನಿ ಎಂದರೆ ಕಾಫಿಗೆ ಎದ್ದುಹೋಗುವ ಹೊತ್ತು ಎಂದು ಭಾವಿಸಿದವರು ಪ್ರತಿ ಸಭೆಯಲ್ಲಿಯೂ ಇದ್ದಾರೆ, ಅವರಿಗೆ ಯಾವ ಬುದ್ಧಿಯನ್ನೂ ಹೇಳಿ ಪ್ರಯೋಜನವಿಲ್ಲ. ಇಷ್ಟಾದ ಮೇಲೆ ಭಾರ ಇಳಿಸುವಂತೆ ದೇವರನಾಮ, ಜಾವಳಿ, ತಿಲ್ಲಾನ, ಕಡೆಗೆ ಮಂಗಳ. ಎರಡೂವರೆ ಮೂರು ಗಂಟೆಗಳಲ್ಲಿ ಮನಸ್ಸನ್ನು ಹತ್ತಿಸಿ, ಇಳಿಸಿ, ಬಾಗಿಲವರೆಗೆ ತಂದು ಬಿಡುವ ಏರ್ಪಾಡು ಅದು. ನಡುವೆ ನಿಲ್ಲಿಸಲಾಗದು, ಮುಂದಕ್ಕೆ ಓಡಿಸಲಾಗದು, ಎರಡನೆಯ ಸಲ ಹಾಡಿಸಲಾಗದು. ಅದರ ಬಿಗಿಗೆ ನಾವೇ ಒಪ್ಪಿಸಿಕೊಳ್ಳಬೇಕು, ಸುಖ ಇರುವುದು ಅಲ್ಲಿ.

ಕೆಲವು ಸಣ್ಣ ಸಲಹೆಗಳು. ಕೋಟೆ ಹೈಸ್ಕೂಲಿನಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ ಉತ್ಸವ ವಾರಗಟ್ಟಲೆ ನಡೆಯುತ್ತದೆ. ಒಂದು ಭಾನುವಾರ ತಪ್ಪಿದರೆ ಇನ್ನೊಂದು ಸಂಜೆ ಇದ್ದೇ ಇರುತ್ತದೆ. ಅದು ಮುಗಿದ ಮೇಲೆ 1905ರಿಂದ ಇರುವ ಗಾಯನ ಸಮಾಜವಿದೆ, ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲೆಂದು ಪಿಟೀಲಿನ ತಂತಿಗಳನ್ನು ಏಳಕ್ಕೆ ಏರಿಸಿದವರು ಚೌಡಯ್ಯನವರು. ಅವರ ಹೆಸರಿನ ಭವನದ ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡುವುದು ಅಷ್ಟು ಚೆನ್ನಲ್ಲ. ಗಮನ ಚದುರಿದರೆ ತೊಡೆಯ ಮೇಲೆ ತಾಳ ಹಾಕಿ. ಆದಿತಾಳದ ಎಂಟು ಎಣಿಕೆ ಹಿಡಿದುಕೊಂಡು ಕುಳಿತವನಿಗೆ ಬೇರೆ ಯೋಚನೆ ಬರುವುದು ಕಷ್ಟ. ಕೊಳಲು ಕಲಿತ ನಿಮಗೆ ಇದನ್ನು ಹೇಳಬೇಕಾಗಿಲ್ಲ.

ನನ್ನ ತಪ್ಪೊಪ್ಪಿಗೆಯೂ ಒಂದಿರಲಿ. ಮೊಮ್ಮಗಳು ನನ್ನ ಮೊಬೈಲಿಗೆ ಹಾಕಿಕೊಟ್ಟ, ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ಆಟವೊಂದರಲ್ಲಿ ನಾನು ಸಾವಿರದ ಮುನ್ನೂರನೆಯ ಹಂತದಲ್ಲಿದ್ದೇನೆ. ಕೊನೆ ಎಲ್ಲಿದೆ ಎಂದು ಅವಳನ್ನು ಕೇಳಿದೆ. ಇಲ್ಲ ತಾತ, ಹೊಸದು ಬರುತ್ತಾ ಇರುತ್ತದೆ ಎಂದಳು.

ಉತ್ತರ: ಕುದುರೆ ನಡೆ

ಮೇಷ್ಟ್ರೇ, ನಿಮ್ಮ ಮೊಮ್ಮಗಳು ಹೇಳಿದ್ದು ಸರಿ. ನಾನು ಬೆಂಗಳೂರಿನಲ್ಲಿ ಗೇಮ್ ತಯಾರಿಸುವ ಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ಅಂಥ ಆಟಗಳಿಗೆ ಕೊನೆ ಇರಬಾರದೆಂದೇ ಅವುಗಳನ್ನು ಕಟ್ಟಿರುತ್ತಾರೆ. ಐದು ಜೀವ ಕೊಡುವುದು, ಕಳೆದುಕೊಂಡ ಜೀವ ಮರಳಿ ಬರಲು ಅರ್ಧ ಗಂಟೆ ಕಾಯಿಸುವುದು, ದಿನವೂ ತೆರೆದವರಿಗೆ ಬಹುಮಾನ, ಒಂದು ದಿನ ತಪ್ಪಿದರೆ ಸರಪಳಿ ಕಡಿದುಹೋಗುವುದು, ಎರಡು ಮೂರು ತಿಂಗಳಿಗೊಂದು ‘ಸೀಸನ್’ — ಇವೆಲ್ಲ ಆಟದ ನಿಯಮಗಳಲ್ಲ, ಅಂಗಡಿಯ ನಿಯಮಗಳು. ಆದರೆ ಇದನ್ನು ಎಲ್ಲ ವಿಡಿಯೊ ಗೇಮ್‌ಗಳಿಗೂ ಅನ್ವಯಿಸಿದರೆ ನಾನು ಜಗಳಕ್ಕೆ ಬರುತ್ತೇನೆ. ಕಥೆಯುಳ್ಳ, ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲಿಗೆ ಆರಂಭವಿದೆ, ನಡುವಿದೆ, ಮುಕ್ತಾಯವಿದೆ. ನಾಲ್ಕು ಗಂಟೆಗಳಲ್ಲಿ ಮುಗಿಯುವವೂ ಇವೆ, ನಲವತ್ತು ಗಂಟೆ ಬೇಡುವವೂ ಇವೆ. ಪುಣೆಯ ಸಣ್ಣ ತಂಡವೊಂದು ತಯಾರಿಸಿ 2020ರಲ್ಲಿ ಬಿಡುಗಡೆ ಮಾಡಿದ ‘ರಾಜಿ’ಯನ್ನೇ ನೋಡಿ. ಅಪಹರಣಕ್ಕೊಳಗಾದ ತಮ್ಮನನ್ನು ಹುಡುಕಿಹೊರಟ ಹುಡುಗಿಯ ಕಥೆ ಅದು. ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ಮುಗಿಯಿತು.

ಕೊನೆಯ ಮಾತು ಬಂದದ್ದರಿಂದ ಒಂದು ಘಟನೆ ಹೇಳಲೇಬೇಕು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್‌ನೊವ್ ರೂಪಿಸಿದ ಟೆಟ್ರಿಸ್‌ಗೆ ಗೆಲುವೆಂಬುದೇ ಇಲ್ಲ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಜೋಡಿಸುತ್ತಾ ಹೋಗಬೇಕು, ಎಂದಾದರೊಂದು ದಿನ ಸೋಲಬೇಕು. ಅದರ ನಿಂಟೆಂಡೊ ಆವೃತ್ತಿಯನ್ನು ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ 2023ರ ಡಿಸೆಂಬರ್‌ನಲ್ಲಿ ಸುಮಾರು 38 ನಿಮಿಷ ಆಡಿ, 157ನೆಯ ಹಂತದಲ್ಲಿ ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ಮೂರು ದಶಕಗಳಿಗೂ ಹೆಚ್ಚು ಕಾಲ ಮನುಷ್ಯರಾರೂ ಮುಟ್ಟದಿದ್ದ ಕೊನೆಯನ್ನು ಆತ ಮುಟ್ಟಿದ್ದ. ಆ ದೃಶ್ಯದಲ್ಲಿ ಅವನು ಕುರ್ಚಿಗೆ ಒರಗಿ ಉಸಿರು ಹಿಡಿಯುವುದನ್ನು ನೋಡಿದಾಗ ನನಗೆ ತನಿ ಆವರ್ತನವನ್ನು ಮುಗಿಸುವ ಕೋರ್ವೆ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಬಿದ್ದಾಗ ಸಭೆ ಉಸಿರು ಬಿಡುವುದೇ ನೆನಪಾಯಿತು.

ಸಾಗರದವರ ದೊಡ್ಡಪ್ಪನವರಿಗೆ ಹೇಳಬೇಕಾದದ್ದೂ ಇದೆ. ಆಟವನ್ನು ಹುಡುಗಾಟವೆಂದು ತಳ್ಳಿಹಾಕುವುದು ನಮ್ಮ ನಾಡಿನ ಹಳೆಯ ವಾಡಿಕೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಎಂಬ ತಮ್ಮ ಗ್ರಂಥದಲ್ಲಿ ದೇವತೆಗಳಿಗೆ ಭಾಗಗಳನ್ನು ಮೀಸಲಿಟ್ಟಂತೆಯೇ ‘ಕೌತುಕನಿಧಿ’ ಎಂದು ಆಟಗಳಿಗೂ ಒಂದು ಭಾಗವನ್ನು ಮೀಸಲಿಟ್ಟರು. ಚದುರಂಗದ ಕುದುರೆಯೊಂದನ್ನೇ ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ಇಳಿಸಿ ಹಲಗೆಯನ್ನೆಲ್ಲ ಸುತ್ತಿಸುವ ಸಮಸ್ಯೆಯಲ್ಲಿ ಅವರಿಗಿದ್ದ ಪರಿಣತಿ ಹೆಸರಾದದ್ದು. ನನ್ನ ಹೆಸರು ಬಂದದ್ದು ಅಲ್ಲಿಂದಲೇ. ಹಳೆಯ ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನು ಅಕ್ಕರೆಯಿಂದ ನೋಡುವ ಹಿರಿಯರು ಅದೇ ಬುದ್ಧಿಯ ಕೆಲಸ ಪರದೆಯ ಮೇಲೆ ನಡೆದಾಗ ಮೂಗು ಮುರಿಯುವುದೇಕೆಂದು ತಿಳಿಯದು.

ಇನ್ನು ಸಂಗೀತವನ್ನೂ ಆಟವನ್ನೂ ಎರಡು ದಡಗಳಂತೆ ನೋಡಬೇಕಾಗಿಲ್ಲ. 1987ರಲ್ಲಿಯೇ ಜಪಾನಿನ ಕೊಯಿಚಿ ಸುಗಿಯಾಮಾ ತಾವು ಗೇಮ್‌ಗೆ ರಚಿಸಿದ ಸಂಗೀತವನ್ನು ಟೋಕಿಯೊದ ವೇದಿಕೆಯ ಮೇಲೆ ವಾದ್ಯವೃಂದದಿಂದ ನುಡಿಸಿದ್ದರು. 2023ರಿಂದ ಗ್ರ್ಯಾಮಿಯಲ್ಲಿ ಗೇಮ್ ಸಂಗೀತಕ್ಕೆ ಪ್ರತ್ಯೇಕ ಪ್ರಶಸ್ತಿಯೇ ಇದೆ. ಟಿ.ವಿ.ಯ ಸ್ಪೀಕರ್ ಬಿಟ್ಟು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಆಡಿದರೆ ನಿಮ್ಮ ಕೊಳಲಿನ ಕಿವಿಗೆ ಏನೇನು ಸಿಗುತ್ತದೆ ನೋಡಿ.

ಮಾಡಬೇಕಾದದ್ದು ಬಹಳವಿಲ್ಲ. ಕನ್ಸೋಲನ್ನು ಪೂರ್ತಿ ಆರಿಸದೆ ರೆಸ್ಟ್ ಮೋಡ್‌ನಲ್ಲಿಟ್ಟರೆ ಅಪ್‌ಡೇಟ್‌ಗಳು ರಾತ್ರಿಯೇ ಇಳಿದಿರುತ್ತವೆ, ಭಾನುವಾರ ಬೆಳಿಗ್ಗೆ ನಿಮ್ಮನ್ನು ಕಾಯಿಸುವುದಿಲ್ಲ. ಕೊಳ್ಳುವ ಮುನ್ನ ಆ ಆಟ ಎಷ್ಟು ಗಂಟೆಯದು ಎಂದು ನೋಡಿ. ಕಂಪ್ಯೂಟರಿನಲ್ಲಿ ಆಡುವುದಾದರೆ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂದಿರುಗಿಸಿ ಹಣ ಪಡೆಯಬಹುದು. ಮನಸ್ಸು ಹತ್ತದ ಆಟವನ್ನು ಹಣ ಕೊಟ್ಟ ಸಂಕಟಕ್ಕೆ ಆಡುತ್ತಾ ಕೂರಬೇಕಾಗಿಲ್ಲ. ಆನ್‌ಲೈನ್ ಪಂದ್ಯಗಳನ್ನು ಬಿಡಿ ಎನ್ನುವುದಿಲ್ಲ, ಆದರೆ ಅವುಗಳನ್ನು ರಾತ್ರಿಯ ಕೊನೆಯ ಕೆಲಸವಾಗಿ ಇಟ್ಟುಕೊಳ್ಳಬೇಡಿ. ಸೋತಾಗ ಸೋಲಿನ ಮೇಲೆ ಏಳಲು ಮನಸ್ಸಾಗದು, ಗೆದ್ದಾಗ ಗೆಲುವಿನ ಮೇಲೆ ಏಳಲು ಮನಸ್ಸಾಗದು.

ಉತ್ತರ: ಬೆಳಗಿನ ಲಲಿತ

ಮೈಸೂರಿನ ಹಿರಿಯರ ಮಾತು ಸೊಗಸಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ನಾನು ಹುಬ್ಬಳ್ಳಿಯವಳು, ನಮ್ಮ ಕಡೆಯ ಸಂಗೀತ ಗಡಿಯಾರ ನೋಡಿಕೊಂಡು ಮುಗಿಯುವಂಥದ್ದಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿದ್ದು ಕಲಿತದ್ದು ಆ ಊರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹಿಡಿದು ಹೋಗುತ್ತಿದ್ದದ್ದು ಆ ಊರಿಗೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಹನ್ನೊಂದು ವರ್ಷದವಳಿದ್ದೆ. ಹತ್ತು ಗಂಟೆಗೆ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದೆ. ದರಬಾರಿ ರಾಗವೊಂದು ಅರೆ ಎಚ್ಚರದಲ್ಲಿ ಕಿವಿಗೆ ಬಿದ್ದು ಮತ್ತೆ ನಿದ್ದೆಯಾಯಿತು. ಬೆಳಕು ಹರಿಯುವ ಮುಂಚೆ ಎಚ್ಚರವಾದಾಗ ಯಾರೋ ಲಲಿತ ರಾಗ ಹಾಡುತ್ತಿದ್ದರು. ಹಾಡಿದವರ ಹೆಸರು ನೆನಪಿಲ್ಲ. ಕಚೇರಿಯ ಆರಂಭವನ್ನೂ ಕೊನೆಯನ್ನೂ ನಾನು ಕೇಳಲೇ ಇಲ್ಲ, ಆದರೂ ನನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ಕಳೆದ ರಾತ್ರಿ ಇನ್ನೊಂದಿಲ್ಲ. ಆದ್ದರಿಂದ, ಪೂರ್ತಿ ಮಾಡುವುದೇ ಸುಖದ ಗುಟ್ಟು ಎಂದು ನನಗನ್ನಿಸುವುದಿಲ್ಲ. ಜೊತೆಗೆ ಯಾರಿದ್ದರು ಎಂಬುದು ಹೆಚ್ಚಿನ ಮಾತು ಎಂದು ನನ್ನ ಎಣಿಕೆ. ಸಾಗರದವರ ಭಾನುವಾರದಲ್ಲಿ ಬೇರೊಬ್ಬ ಮನುಷ್ಯನ ಸುಳಿವೇ ಇಲ್ಲವಲ್ಲ!

ಇನ್ನೊಂದು ಉದಾಹರಣೆ, ಇದು ಗೇಮಿನದೇ. ನನ್ನ ತಮ್ಮ ನ್ಯೂ ಜೆರ್ಸಿಯಲ್ಲಿದ್ದಾನೆ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಆರಾಮ ಇದ್ದೀಯಾ, ಊಟ ಆಯಿತಾ’ ಎಂಬಲ್ಲಿಗೆ ನಿಂತುಹೋಗುತ್ತಿತ್ತು. ಎರಡು ವರ್ಷಗಳಿಂದ ಅವನ ಶನಿವಾರ ರಾತ್ರಿ ಎಂಟು ಗಂಟೆಗೆ, ಎಂದರೆ ಬೇಸಿಗೆಯಲ್ಲಿ ನಮ್ಮ ಭಾನುವಾರ ಬೆಳಗಿನ 5.30ಕ್ಕೆ, ಚಳಿಗಾಲದಲ್ಲಿ 6.30ಕ್ಕೆ, ನಾವಿಬ್ಬರೂ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಕೂಡಿ ಆಡುತ್ತೇವೆ. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕುಳಿತು ತಯಾರಿಸಿ 2016ರಲ್ಲಿ ಹೊರತಂದ ಆಟ ಅದು. ಅಜ್ಜ ಬಿಟ್ಟುಹೋದ ಹೊಲವನ್ನು ಹಸನು ಮಾಡಿ ಬಿತ್ತಿ ಬೆಳೆಯುವುದೇ ಅದರಲ್ಲಿನ ಕೆಲಸ. ಕುಂದಗೋಳ ತಾಲ್ಲೂಕಿನಲ್ಲಿ ನಿಜವಾಗಿಯೂ ಅಜ್ಜ ಬಿಟ್ಟುಹೋದ ಎರಿಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ, ಕೊಟ್ಟು, ಅಕ್ಕ ತಮ್ಮ ಇಬ್ಬರೂ ಪರದೆಯ ಮೇಲೆ ಗಜ್ಜರಿ ಬೆಳೆಯುತ್ತಿದ್ದೇವೆಂದು ನಮ್ಮ ತಾಯಿ ಹಂಗಿಸುತ್ತಾಳೆ. ಆದರೆ ನೀರು ಹಾಕುತ್ತಾ ಹಾಕುತ್ತಾ ತಮ್ಮ ಮಾತಾಡುತ್ತಾನೆ. ಅವನಿಗೆ ಕೆಲಸ ಹೋಗುವಂತಿದೆ ಎಂಬುದು ನನಗೆ ತಿಳಿದದ್ದು ಆ ಹೊಲದಲ್ಲಿ. ಅಂದಹಾಗೆ, ಆ ಆಟದೊಳಗೆ ರಾತ್ರಿ ಎರಡು ಗಂಟೆ ದಾಟಿದರೆ ನಮ್ಮ ಪಾತ್ರ ನಿಂತಲ್ಲೇ ಕುಸಿದು ಬೀಳುತ್ತದೆ, ಮರುದಿನ ಸುಸ್ತಾಗಿ ಏಳುತ್ತದೆ. ಸಾಗರದವರಿಗೆ ಇದನ್ನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ.

ಉತ್ತರ: ಕೊನೆಯ ಸಾಲು

ಸಿನಿಮಾದ ಬಗ್ಗೆ ಯಾರೂ ಬರೆಯದೆ ಇರುವುದನ್ನು ಕಂಡು ಬರೆಯುತ್ತಿದ್ದೇನೆ. ನೀವು ಬನಶಂಕರಿಯಲ್ಲಿದ್ದೀರಿ, 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ನಿಮ್ಮ ಬಡಾವಣೆಯಲ್ಲಿಯೇ ಇದೆ. ಹೆಗ್ಗೋಡಿನ ಚಿತ್ರಸಮಾಜದ ನೆರಳಿನಲ್ಲಿ ಬೆಳೆದವರು ಇದನ್ನು ಬಿಟ್ಟು ಒಟಿಟಿಯಲ್ಲಿ ಮುಕ್ಕಾಲು ಗಂಟೆ ಅಲೆದಿರಿ ಎಂಬುದನ್ನು ಓದಿ ನಗು ಬಂತು, ಕ್ಷಮಿಸಿ.

ಫಿಲ್ಮ್ ಸೊಸೈಟಿಯ ದೊಡ್ಡ ಉಪಕಾರ ಒಳ್ಳೆಯ ಚಿತ್ರ ತೋರಿಸುವುದಲ್ಲ. ಆಯ್ಕೆಯ ಭಾರವನ್ನು ನಮ್ಮ ಹೆಗಲಿನಿಂದ ಇಳಿಸುವುದು. ಇಂಥ ದಿನ, ಇಷ್ಟು ಗಂಟೆಗೆ, ಈ ಚಿತ್ರ. ಬೇಕಾದರೆ ಬನ್ನಿ. ನಾನು ಮನೆಯಲ್ಲಿಯೂ ಈ ನಿಯಮವನ್ನೇ ಅನುಸರಿಸುತ್ತೇನೆ: ಗುರುವಾರ ಸಂಜೆ ಆ ವಾರದ ಚಿತ್ರವೊಂದನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸುತ್ತೇನೆ, ಶನಿವಾರ ಅದನ್ನೇ ನೋಡುತ್ತೇನೆ, ಇಷ್ಟವಾಗದಿದ್ದರೂ ಕೊನೆಯವರೆಗೆ ನೋಡುತ್ತೇನೆ. ಹುಡುಕಾಟವನ್ನು ನೋಟದಿಂದ ಎರಡು ದಿನ ದೂರವಿಡುವುದೇ ಇದರ ತಿರುಳು. ಹೀಗೆ ಕಟ್ಟುಬಿದ್ದು ನೋಡಿದ ಚಿತ್ರಗಳಲ್ಲಿ ಮೊದಲ ಅರ್ಧ ಗಂಟೆ ಬೇಸರ ಬರಿಸಿ ಆಮೇಲೆ ವಾರಗಟ್ಟಲೆ ಕಾಡಿದವು ಹಲವಿವೆ. ಇಪ್ಪತ್ತನೆಯ ನಿಮಿಷಕ್ಕೆ ನಿಲ್ಲಿಸುವವರಿಗೆ ಅವು ಎಂದಿಗೂ ದಕ್ಕುವುದಿಲ್ಲ.

ಚಿತ್ರಮಂದಿರಕ್ಕೆ ಹೋಗುವುದನ್ನು ಬಿಡಬೇಡಿ. 1968ರಲ್ಲಿ ತೆರೆದ ಕಪಾಲಿಯ ಬೃಹತ್ ಪರದೆಯ ಮುಂದೆ ಬಾಲ್ಯ ಕಳೆದವನು ನಾನು. ಅದನ್ನು ಕೆಡವಿದ ಮೇಲೆ ಗಾಂಧಿನಗರದ ಆ ಕಡೆ ಹೋಗಲು ಮನಸ್ಸಾಗುವುದಿಲ್ಲ. ಆದರೂ ಕತ್ತಲೆಯಲ್ಲಿ ಮುನ್ನೂರು ಜನ ಒಟ್ಟಿಗೆ ನಗುವುದನ್ನು ಮನೆಯ ಸೋಫಾ ಕೊಡಲಾರದು. ಮೇಷ್ಟ್ರು ಹೇಳಿದ ಮಂಗಳ ನಮ್ಮಲ್ಲಿಯೂ ಇತ್ತು, ‘ಶುಭಂ’ ಎಂಬ ಅಕ್ಷರಗಳಲ್ಲಿ. ಈಗ ಹೆಸರುಗಳು ಓಡುವಾಗಲೇ ದೀಪ ಹಾಕಿ, ಕಸ ಗುಡಿಸುವವರನ್ನು ಒಳಗೆ ಬಿಡುತ್ತಾರೆ. ಮನೆಯಲ್ಲಾದರೆ ಇನ್ನೂ ಮೋಸ: ಕೊನೆಯ ದೃಶ್ಯದ ಭಾರ ಎದೆಯಿಂದ ಇಳಿಯುವ ಮೊದಲೇ, ಒಟಿಟಿ ಚಿತ್ರವನ್ನು ಮೂಲೆಗೆ ಕುಗ್ಗಿಸಿ ಮುಂದಿನದು ಐದು ಸೆಕೆಂಡಿನಲ್ಲಿ ಎಂದು ಎಣಿಸತೊಡಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೊಪ್ಲೇ ಆರಿಸಿಬಿಡಿ. ಒಂದು ನಿಮಿಷದ ಕೆಲಸ.

ಉತ್ತರ: ಇಬ್ಬರ ತಾಯಿ

ಎಲ್ಲರ ಮಾತುಗಳ ನಡುವೆ ಒಂದನ್ನು ಸೇರಿಸುತ್ತೇನೆ, ಏಕೆಂದರೆ ಇದನ್ನು ಹದಿಹರೆಯದವರ ತಂದೆತಾಯಂದಿರೂ ಓದುತ್ತಾರೆ. ಒಂದು ಭಾನುವಾರ ರಾತ್ರಿ ಒಂದೂವರೆಯವರೆಗೆ ಆಡಿದ್ದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್‌ಗೆ ಸಂಬಂಧಿಸಿದ ಅಸ್ವಸ್ಥತೆಯನ್ನು ಹೆಸರಿಸಿರುವುದು ನಿಜ, ಆದರೆ ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ನನ್ನ ಹಿರಿಯ ಮಗ ಶಾಲೆ ತಪ್ಪಿಸಿ, ಊಟ ಬಿಟ್ಟು ಆಡತೊಡಗಿದಾಗ ನಾವು ಮೊದಲು ಬೈದೆವು, ಆಮೇಲೆ ಫೋನ್ ಕಿತ್ತುಕೊಂಡೆವು, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಹೆಸರಿನ ಕ್ಲಿನಿಕ್ ಇಂಥವರಿಗಾಗಿಯೇ ಇದೆ. ಅಲ್ಲಿಗೆ ಹೋದ ಮೇಲೆ ತಿಳಿದದ್ದು, ಅವನು ಆಟದ ಕಡೆಗೆ ಓಡುತ್ತಿರಲಿಲ್ಲ, ಶಾಲೆಯಲ್ಲಿನ ಯಾವುದೋ ಅವಮಾನದಿಂದ ಓಡುತ್ತಿದ್ದ ಎಂಬುದು. ಈಗಲೂ ಆಡುತ್ತಾನೆ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಪ್ರಶ್ನೆ ಕೇಳಿದವರಿಂದ: ಸಾಗರದವನು

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಎಲ್ಲರ ಮಾತನ್ನೂ ಪಾಲಿಸಲಾಗಲಿಲ್ಲ, ಕೆಲವನ್ನು ಪಾಲಿಸಿದೆ.

ಆಟೊಪ್ಲೇ ಆರಿಸಿದ್ದೇನೆ. ಫ್ರಿಜ್‌ಗೆ ಚೀಟಿ ಅಂಟಿಸಿದ್ದೇನೆ. ಎರಡು ವಾರ ಅದರಂತೆ ನಡೆದೆ, ಮೂರನೆಯ ವಾರ ಚೀಟಿಯ ಚಿತ್ರ ನಿಜಕ್ಕೂ ಸಹಿಸಲಾಗದಷ್ಟು ಕೆಟ್ಟದಾಗಿತ್ತು. ಎರಡು ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಕಥೆಯ ಆಟವೊಂದನ್ನು ಮುಗಿಸಿದೆ. ಕೊನೆಗೆ ಹೆಸರುಗಳು ಬಂದಾಗ ಪೂರ್ತಿ ಹನ್ನೆರಡು ನಿಮಿಷ ಕುಳಿತು ಸಂಗೀತ ಕೇಳಿದೆ, ಹೆಡ್‌ಫೋನ್‌ನಲ್ಲಿಯೇ. ಆನ್‌ಲೈನ್ ಪಂದ್ಯಗಳನ್ನು ಈಗ ಬೆಳಿಗ್ಗೆ ಆಡುತ್ತೇನೆ. ಸೋತರೆ ತಿಂಡಿಗೆ ಹೋಗಬೇಕಾದ ನೆವವಿರುತ್ತದೆ.

ಕೋಟೆ ಹೈಸ್ಕೂಲಿಗೂ ಹೋದೆ. ತನಿ ಆವರ್ತನ ಶುರುವಾದಾಗ ಮೇಷ್ಟ್ರು ಹೇಳಿದಂತೆ ತೊಡೆಯ ಮೇಲೆ ತಾಳ ಹಾಕುತ್ತಾ ಕುಳಿತೆ. ಐದು ನಿಮಿಷ ಸರಿಯಾಗಿಯೇ ಇತ್ತು. ಮೃದಂಗದವರು ನಡೆಯನ್ನು ಮೂರರ ಎಣಿಕೆಯ ತಿಶ್ರಕ್ಕೆ ಬದಲಿಸಿದ ಕೂಡಲೇ ನನ್ನ ಎಣಿಕೆ ತಪ್ಪಿತು; ಕೈ ಗಾಳಿಯಲ್ಲಿ ನಿಂತಿತು. ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ನನ್ನ ಕಡೆ ನೋಡದೆಯೇ, ತಮ್ಮ ಕೈಯನ್ನು ನನಗೆ ಕಾಣುವಂತೆ ಸ್ವಲ್ಪ ಈಚೆಗೆ ಸರಿಸಿ, ಸ್ಪಷ್ಟವಾಗಿ ತಟ್ಟತೊಡಗಿದರು. ಅವರ ಕೈ ನೋಡಿಕೊಂಡೇ ಕೋರ್ವೆಯವರೆಗೆ ಬಂದೆ. ಮಂಗಳವಾದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಎಲ್ಲಿಯವರೆಗೆ ಕಲಿತಿದ್ದಿ?’

ದೊಡ್ಡಪ್ಪ ಮುಂದಿನ ವಾರ ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿಗೆ ಬರುತ್ತಿದ್ದಾರೆ, ನಾಲ್ಕು ದಿನ ನನ್ನ ಮನೆಯಲ್ಲಿರುತ್ತಾರೆ. ಕುದುರೆ ನಡೆಯವರೇ, ಮುಮ್ಮಡಿಯವರ ಕಥೆಯನ್ನು ಫೋನಿನಲ್ಲಿ ಅವರಿಗೆ ಹೇಳಿದೆ. ‘ಅದು ರಾಜರ ವಿಷಯ, ನಿನ್ನದು ಬೇರೆ’ ಎಂದರು. ಎಪ್ಪತ್ತೆರಡು ವರ್ಷದವರಿಗೆ, ಕಣ್ಣು ಸ್ವಲ್ಪ ಮಂಜಾಗಿರುವವರಿಗೆ, ಜೊತೆಯಲ್ಲಿ ಕುಳಿತು ಆಡಲು ತಕ್ಕ ಆಟವೊಂದಿದ್ದರೆ ದಯವಿಟ್ಟು ತಿಳಿಸಿ. ಗುಂಡು ಹಾರಿಸುವುದು ಬೇಡ, ಹೊಲವಾದರೆ ಆದೀತು, ಆದರೆ ಅದರಲ್ಲಿ ಅಡಿಕೆ ಬೆಳೆಯಲು ಬರುತ್ತದೆಯೇ ಎಂದು ಅವರು ಕೇಳೇ ಕೇಳುತ್ತಾರೆ.